ಕಾಡಿನ ಬಾಗಿಲಲ್ಲಿ ಕುಳಿತ ನಾಯಿ

ಈ ಅಂಕಣದ ಓದುಗರಿಗೆ ನಮ್ಮ ಮನೆಯ ಬೆಲ್ಲನ ಪರಿಚಯ ಹೊಸದಲ್ಲ. ಮೂರು ವರ್ಷಗಳ ಹಿಂದೆ ಒಂದು ಮಳೆಯ ಸಂಜೆ ನನ್ನ ಮೊಮ್ಮಗಳು ಮೋರಿಯ ಬದಿಯಿಂದ ಎತ್ತಿಕೊಂಡು ಬಂದ ಮರಿ ಅದು. ಮೈಬಣ್ಣ ಮಂಡ್ಯದ ಅಚ್ಚುಬೆಲ್ಲದಂತೆ ಇದ್ದುದರಿಂದ ಆ ಹೆಸರು ಬಂತು. ‘ಎರಡು ದಿನ ಇರಲಿ, ಆಮೇಲೆ ಯಾರಿಗಾದರೂ ಕೊಟ್ಟುಬಿಡಿ’ ಎಂದು ಆ ದಿನ ಗಟ್ಟಿಯಾಗಿ ಹೇಳಿದವನು ನಾನು. ಈಗ ದಿನವೂ ಬೆಳಿಗ್ಗೆ ಅದರ ಪಟ್ಟಿ ಹಿಡಿದು ವಾಯುವಿಹಾರಕ್ಕೆ ಹೊರಡುವವನೂ ನಾನೇ. ಸಂಸಾರದಲ್ಲಿ ಗಟ್ಟಿಯಾಗಿ ಆಡಿದ ಮಾತುಗಳಿಗೆಲ್ಲ ಬಹುಮಟ್ಟಿಗೆ ಇದೇ ಗತಿ.

ಕಳೆದ ಬೇಸಗೆಯ ರಜೆಯಲ್ಲಿ ಭದ್ರಾ ಅಭಯಾರಣ್ಯವನ್ನು ನೋಡಿಬರುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ‘ಬೆಲ್ಲನನ್ನು ಬಿಟ್ಟು ನಾನು ಬರುವುದಿಲ್ಲ’ ಎಂದು ಮೊಮ್ಮಗಳು ಹಟ ಹಿಡಿದಳು. ಅವಳಿಗೆ ಈಗ ಹದಿನಾಲ್ಕು ವರ್ಷ. ತರ್ಕಶಾಸ್ತ್ರಕ್ಕೆ ಅದಕ್ಕಿಂತ ಪ್ರಶಸ್ತವಾದ ವಯಸ್ಸು ಬೇರೊಂದಿಲ್ಲ. ‘ತಾತ, ಕಾಡು ಪ್ರಾಣಿಗಳ ಮನೆ ತಾನೆ? ಬೆಲ್ಲನೂ ಪ್ರಾಣಿಯೇ. ಪ್ರಾಣಿಗಳ ಮನೆಗೆ ಮನುಷ್ಯರು ಹೋಗಬಹುದಂತೆ, ಪ್ರಾಣಿ ಹೋಗಬಾರದಂತೆ. ಇದಾವ ನ್ಯಾಯ?’ ಎಂದು ಕೇಳಿದಳು. ಅವಳ ಅಪ್ಪ ನಕ್ಕು ಒಪ್ಪಿಕೊಂಡುಬಿಟ್ಟ. ನನಗೆ ಉತ್ತರ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಆ ಉತ್ತರವನ್ನು ಹೇಳಬೇಕಾದರೆ ಅರವತ್ತು ವರ್ಷಗಳ ಹಿಂದಿನ ಇನ್ನೊಂದು ನಾಯಿಯ ಕಥೆಯನ್ನು ಹೇಳಬೇಕಾಗಿತ್ತು. ಆ ಕಥೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿದವನಲ್ಲ.

ಮುತ್ತೋಡಿಯ ಬಾಗಿಲಲ್ಲಿ ಆಗಬೇಕಾದುದೇ ಆಯಿತು. ಖಾಕಿ ತೊಟ್ಟ ತರುಣ ಗಾರ್ಡು ಬೆಲ್ಲನ ತಲೆಯನ್ನು ಪ್ರೀತಿಯಿಂದ ಸವರಿದ. ಆಮೇಲೆ ನಮ್ಮ ಕಡೆ ತಿರುಗಿ ‘ನಾಯಿಯನ್ನು ಒಳಗೆ ಬಿಡುವಂತಿಲ್ಲ’ ಎಂದ. ಮೊಮ್ಮಗಳು ವಕೀಲಿಗೆ ನಿಂತಳು: ಪಟ್ಟಿ ಬಿಚ್ಚುವುದಿಲ್ಲ, ಬೊಗಳಲು ಬಿಡುವುದಿಲ್ಲ, ಚುಚ್ಚುಮದ್ದುಗಳೆಲ್ಲ ಆಗಿವೆ, ಬೇಕಾದರೆ ಪುಸ್ತಕ ನೋಡಿ. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿ, ‘ನಾಯಿ ಒಳ್ಳೆಯದೇ ತಂಗೀ, ನನಗೆ ಗೊತ್ತಾಯಿತು. ಆದರೆ ಒಳಗಿರುವವರಿಗೆ ಅದು ಗೊತ್ತಾಗುವುದು ಹೇಗೆ?’ ಎಂದ.

ಬಿಸಿಲಿನಲ್ಲಿ ಕಾರಿನೊಳಗೆ ನಾಯಿಯನ್ನು ಕೂಡಿಹಾಕಿ ಹೋಗುವುದು ಸಲ್ಲದು; ಕೆಲವೇ ನಿಮಿಷಗಳಲ್ಲಿ ಅದರ ಪ್ರಾಣಕ್ಕೆ ಅಪಾಯ. ‘ನೀವೆಲ್ಲ ಹೋಗಿಬನ್ನಿ, ನಾನು ಇದರ ಜೊತೆ ಇಲ್ಲಿಯೇ ಕುಳಿತಿರುತ್ತೇನೆ’ ಎಂದೆ. ಜೀಪು ತಿರುವಿನಲ್ಲಿ ಮರೆಯಾಯಿತು. ಒಂದು ಮರದ ನೆರಳಿನಲ್ಲಿ ನಾನೂ ಬೆಲ್ಲನೂ ಉಳಿದೆವು. ಒಳಗಿನಿಂದ ಗಾಳಿ ಬೀಸುತ್ತಿತ್ತು. ಬಿದಿರೆಲೆಯ, ಒಣಮಣ್ಣಿನ, ಎಲ್ಲಿಯೋ ದೂರದ ನೀರಿನ ವಾಸನೆ. ಆ ವಾಸನೆಯ ಬೆನ್ನು ಹಿಡಿದು ಕರಿಯ ಬಂತು.

ಕರಿಯ ನನ್ನ ಸೋದರಮಾವನ ತೋಟದ ನಾಯಿ. ಮಾವ ಆಗ ಜಾಗರ ಕಣಿವೆಯ ಅಂಚಿನ ಒಂದು ಕಾಫಿ ತೋಟವನ್ನು ನೋಡಿಕೊಳ್ಳುತ್ತಿದ್ದರು. ೧೯೬೪ರ ಬೇಸಗೆ, ನನಗೆ ಹನ್ನೆರಡು ವರ್ಷ. ಮೈಸೂರು ಸರ್ಕಾರ ೧೯೫೧ರಲ್ಲಿಯೇ ಜಾಗರ ಕಣಿವೆಯನ್ನು ಮೃಗಗಳ ರಕ್ಷಿತ ಪ್ರದೇಶವೆಂದು ಸಾರಿತ್ತು. ಆದರೆ ನನ್ನ ಪಾಲಿಗೆ ಅದು ತೋಟದ ಬೇಲಿಯಾಚೆ ಶುರುವಾಗುವ ಹಸಿರು ಕತ್ತಲೆ, ಅಷ್ಟೇ. ಬೆಳಗಿನ ತಿಂಡಿ ಮುಗಿಯುತ್ತಲೇ ಕರಿಯನನ್ನು ಕರೆದುಕೊಂಡು ಬೇಲಿ ನುಸುಳುತ್ತಿದ್ದೆ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ನಾಯಿ ಜೊತೆಗಿದ್ದರೆ ಭಯವಿರಲಿಲ್ಲ.

ನಾಯಿಯ ಜೊತೆ ಕಾಡು ಸುತ್ತಿದವರಿಗೆ ಮಾತ್ರ ಆ ಸುಖ ಗೊತ್ತು. ನಾವು ಕಾಡನ್ನು ಕಣ್ಣಿನಿಂದ ನೋಡುತ್ತೇವೆ. ಅದು ಮೂಗಿನಿಂದ ಓದುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು ೫೦–೬೦ ಲಕ್ಷ. ನಾಯಿಯ ಮೂಗಿನಲ್ಲಿ ೨೦ ಕೋಟಿಗೂ ಹೆಚ್ಚು ಎಂದು ಬಲ್ಲವರು ಹೇಳುತ್ತಾರೆ. ನಾನು ಕಾಣದ ಎಷ್ಟನ್ನೋ ಕರಿಯ ನನಗೆ ತೋರಿಸಿಕೊಟ್ಟಿತು. ಹುತ್ತದ ಬುಡವನ್ನು ರಾತ್ರಿ ಕರಡಿ ಬಗೆದು ಹೋದುದು, ಬೀಟೆಯ ಬೇರಿನ ಸಂದಿಯಲ್ಲಿ ಬಿದ್ದಿದ್ದ ಮುಳ್ಳುಹಂದಿಯ ಕಪ್ಪು-ಬಿಳಿ ಮುಳ್ಳು, ತರಗೆಲೆಯ ಬಣ್ಣದಲ್ಲಿಯೇ ಅಡಗಿ ಮೊಟ್ಟೆಗೆ ಕಾವು ಕೊಡುತ್ತಿದ್ದ ಕಾಡುಕೋಳಿ — ಎಲ್ಲವೂ ಅದರ ಮೂಗಿನ ಕೃಪೆ. ಮತ್ತಿ, ಹೊನ್ನೆ, ನಂದಿ, ತೇಗದ ಹೆಸರುಗಳನ್ನು ನನಗೆ ಕಲಿಸಿದವರು ತೋಟದ ಮೇಸ್ತ್ರಿ. ಅವುಗಳ ಕೆಳಗೆ ಏನೇನು ನಡೆಯುತ್ತದೆಂದು ಕಲಿಸಿದ್ದು ಕರಿಯ.

ಒಂದು ಬೆಳಿಗ್ಗೆ ಅದು ಬಿದಿರುಮೆಳೆಯೊಂದರ ಮುಂದೆ ಕಿವಿ ನಿಮಿರಿಸಿ ನಿಂತಿತು. ನನಗೆ ಉತ್ಸಾಹ ತಡೆಯಲಾಗಲಿಲ್ಲ. ‘ಹಿಡಿ!’ ಎಂದೆ. ಒಂದೇ ನೆಗೆತ; ಪೊದೆಯೊಳಗೆ ಸಣ್ಣ ಕಿರುಚು; ಆಮೇಲೆ ಮೌನ. ಕರಿಯ ಹೊರಬಂದಾಗ ಅದರ ಬಾಯಲ್ಲಿ ಒಂದು ಕಾಡುಕುರಿಯ ಮರಿ ಇತ್ತು. ಇನ್ನೂ ಮೈಮೇಲಿನ ಬಿಳಿ ಚುಕ್ಕೆ ಮಾಸಿರಲಿಲ್ಲ. ಕರಿಯ ಅದನ್ನು ನನ್ನ ಕಾಲ ಬಳಿ ಇಟ್ಟು, ಬಾಲ ಅಲ್ಲಾಡಿಸುತ್ತ, ಶಹಬ್ಬಾಸ್‌ಗಿರಿಗೆ ಕಾದು ನಿಂತಿತು. ನಾನು ಅದರ ಬೆನ್ನು ತಟ್ಟಿದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ — ಆ ಕ್ಷಣ ನನಗೆ ಹೆಮ್ಮೆಯೇ ಆಗಿತ್ತು.

ಮರಿಯನ್ನು ಮನೆಗೆ ತಂದೆ. ಮಾವ ನೋಡಿದರು. ಬೈಯಲಿಲ್ಲ. ಮೇಸ್ತ್ರಿಯನ್ನು ಕರೆದು ಅದನ್ನು ಹೂಳಿಸಿದರು. ಕರಿಯನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕಿದರು. ಆ ರಾತ್ರಿ ನಾನು ಮಲಗಿದ್ದಾಗ ಬೇಲಿಯಾಚೆಯಿಂದ ನಾಯಿ ಬೊಗಳುವ ಸದ್ದು ಕೇಳಿಸಿತು. ಒಂದೇ ಸ್ವರ, ಒಂದೇ ಅಂತರ, ಬೊಗಳಿದ್ದೇ ಬೊಗಳಿದ್ದು. ಕರಿಯ ತಪ್ಪಿಸಿಕೊಂಡಿತೆಂದು ಲಾಟೀನು ಹಿಡಿದು ಕೊಟ್ಟಿಗೆಗೆ ಓಡಿದೆ. ಕರಿಯ ಕಂಬದ ಬುಡದಲ್ಲಿಯೇ ಮುದುಡಿಕೊಂಡಿತ್ತು. ಮಾವ ಹಿಂದೆಯೇ ಬಂದು ನಿಂತಿದ್ದರು. ‘ಅದು ನಾಯಿಯಲ್ಲ ಕಣೋ. ಕಾಡುಕುರಿ. ಅದರ ಕೂಗು ಹಾಗೆಯೇ ಇರುವುದು’ ಎಂದರು. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ನಾಲ್ಕು ದಿನದ ಮೇಲೆ, ಅಯ್ಯೋ ಪಾಪವೆಂದು ನಾನೇ ಗುಟ್ಟಾಗಿ ಕರಿಯನ ಹಗ್ಗ ಬಿಚ್ಚಿದೆ. ಅಂದು ಸಂಜೆ, ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಕಣದ ಆಚೆ ಒಮ್ಮೆ ಗುರುಗುಟ್ಟಿದ ಸದ್ದಾಯಿತು. ಬೆಳಿಗ್ಗೆ ಒದ್ದೆ ಮಣ್ಣಿನಲ್ಲಿ ಚಿರತೆಯ ಹೆಜ್ಜೆಯನ್ನು ಮೇಸ್ತ್ರಿ ತೋರಿಸಿದರು. ಕರಿಯನ ಕೊರಳಪಟ್ಟಿ ಮಾತ್ರ ಸಿಕ್ಕಿತು. ಮತ್ತೆ ಕೆಲವು ರಾತ್ರಿ ಕಾಡಿನಿಂದ ಆ ಬೊಗಳು ಕೇಳಿಬಂದಾಗಲೆಲ್ಲ, ಅದು ಏನೆಂದು ಗೊತ್ತಿದ್ದರೂ, ನಾನು ಬಾಗಿಲವರೆಗೆ ಓಡಿಹೋಗುತ್ತಿದ್ದೆ.

ಬಹುಕಾಲ ನಾನು ಚಿರತೆಯನ್ನು ದ್ವೇಷಿಸಿದೆ. ಈಗ ತಿಳಿದಿರುವುದೇನೆಂದರೆ, ಚಿರತೆಗೆ ನಾಯಿ ಮಾಮೂಲಿನ ಆಹಾರ. ಮಹಾರಾಷ್ಟ್ರದ ಅಕೋಲೆ ಪ್ರಾಂತದಲ್ಲಿ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಆಹಾರವನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಅದರಲ್ಲಿ ಶೇಕಡಾ ೩೯ರಷ್ಟು ನಾಯಿಯೇ ಎಂದು ಕಂಡುಬಂತು. ಹಗ್ಗ ಬಿಚ್ಚಿದವನು ನಾನು. ‘ಹಿಡಿ’ ಎಂದವನೂ ನಾನೇ. ಎರಡು ಸಾವಿನ ಲೆಕ್ಕವೂ ಬಂದು ನಿಲ್ಲುವುದು ಒಬ್ಬನ ಹೆಸರಿನಲ್ಲಿಯೇ.

ಕಾಡು ಸುತ್ತಿದ ನಾಯಿಗಳಲ್ಲಿ ಜಗತ್ಪ್ರಸಿದ್ಧವಾದುದು ಜಿಮ್ ಕಾರ್ಬೆಟ್ಟರ ರಾಬಿನ್. ೧೫ ರೂಪಾಯಿಗೆ ಕೊಂಡ ಆ ಸ್ಪೇನಿಯಲ್ ನಾಯಿ ಕುಮಾವಿನ ಕಾಡುಗಳಲ್ಲಿ ಅವರ ಜೊತೆ ಬೇಟೆಗೆ ತಿರುಗಿತು; ೧೯೪೪ರಲ್ಲಿ ಪ್ರಕಟವಾದ ಅವರ ನರಭಕ್ಷಕ ಹುಲಿಗಳ ಪುಸ್ತಕದಲ್ಲಿ ಅದಕ್ಕಾಗಿಯೇ ಒಂದು ಅಧ್ಯಾಯವಿದೆ. ಅದೇ ಸೀಮೆಯಲ್ಲಿ ೧೯೩೬ರಲ್ಲಿ ಭಾರತದ ಮೊದಲನೆಯ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಯಿತು. ೧೯೫೫ರಲ್ಲಿ ಕಾರ್ಬೆಟ್ಟರು ತೀರಿಕೊಂಡ ಮೇಲೆ ಅದಕ್ಕೆ ಅವರ ಹೆಸರನ್ನೇ ಇಟ್ಟರು. ವಿಧಿಯ ವಿನೋದವನ್ನು ನೋಡಿ: ಇಂದು ರಾಬಿನ್ ಆ ಬಾಗಿಲಿಗೆ ಬಂದರೆ ಅದಕ್ಕೂ ಒಳಗೆ ಪ್ರವೇಶವಿಲ್ಲ. ಇದು ರಾಬಿನ್‌ಗೆ ಮಾಡಿದ ಅವಮಾನವಲ್ಲ. ಅಂದು ಕಾಡು ದೊಡ್ಡದಿತ್ತು, ಊರು ಚಿಕ್ಕದಿತ್ತು. ಇಂದು ಕಾಡು ಊರುಗಳ ನಡುವಿನ ದ್ವೀಪ. ದ್ವೀಪಕ್ಕೆ ಒಂದು ರೋಗ ಬಂದಿಳಿದರೆ ಅಲ್ಲಿರುವವರು ಓಡಿಹೋಗಲು ಜಾಗವಿಲ್ಲ.

ರೋಗದ ಮಾತು ಉತ್ಪ್ರೇಕ್ಷೆಯಲ್ಲ. ದನಗಳ ದೊಡ್ಡರೋಗ ೧೯೬೮ರಲ್ಲಿ ಬಂಡೀಪುರ–ಮುದುಮಲೆಯ ಕಾಡುಗಳಿಗೆ ಹೊಕ್ಕು ಕಾಟಿಗಳನ್ನು ಗುಂಪುಗುಂಪಾಗಿ ಬಲಿ ತೆಗೆದುಕೊಂಡಿತು. ಲಸಿಕೆಯ ಬಲದಿಂದ ಆ ರೋಗ ೨೦೧೧ರ ಹೊತ್ತಿಗೆ ಭೂಮಿಯ ಮೇಲಿಂದಲೇ ನಿರ್ಮೂಲವಾಯಿತು. ನಾಯಿಗಳ ಡಿಸ್ಟೆಂಪರ್ ರೋಗ ಮಾತ್ರ ಇನ್ನೂ ಹೋಗಿಲ್ಲ. ಆಫ್ರಿಕದ ಸೆರೆಂಗೆಟಿಯಲ್ಲಿ ೧೯೯೪ರಲ್ಲಿ ಸುಮಾರು ಒಂದು ಸಾವಿರ ಸಿಂಹಗಳು, ಎಂದರೆ ಅಲ್ಲಿದ್ದವುಗಳ ಮೂರರಲ್ಲೊಂದು ಪಾಲು, ಇದರಿಂದಲೇ ಸತ್ತವು. ರೋಗದ ಮೂಲ ಸುತ್ತಲಿನ ಹಳ್ಳಿಗಳ ಸಾಕುನಾಯಿಗಳಲ್ಲಿತ್ತೆಂದು ತಜ್ಞರು ತರ್ಕಿಸಿದರು. ನಮ್ಮ ಗೀರ್ ಅರಣ್ಯದಲ್ಲಿ ೨೦೧೮ರಲ್ಲಿ ಕೆಲವೇ ವಾರಗಳಲ್ಲಿ ೨೩ ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಈ ರೋಗಾಣು ತಗುಲಿದ್ದುದು ಪರೀಕ್ಷೆಯಲ್ಲಿ ಹೊರಬಿತ್ತು. ಏಷ್ಯದ ಸಿಂಹಕ್ಕೆ ಗೀರ್ ಸೀಮೆಯನ್ನು ಬಿಟ್ಟರೆ ಬೇರೆ ಕಾಡಿಲ್ಲ.

ಭದ್ರೆಯಲ್ಲಿ ಸಿಂಹವಿಲ್ಲ, ಆದರೆ ನಾಯಿಯ ದಾಯಾದಿಯೇ ಇದೆ — ಸೀಳುನಾಯಿ. ಕೆಂಪು ಮೈ, ಕಪ್ಪು ಬಾಲದ ಕುಚ್ಚು. ಬೊಗಳುವುದರ ಬದಲು ಸಿಳ್ಳೆ ಹಾಕಿ ಗುಂಪನ್ನು ಕೂಡಿಸಿಕೊಳ್ಳುವ ಜಾತಿ. ಬ್ರಿಟಿಷರ ಕಾಲದಲ್ಲಿ ಇದನ್ನು ಪೀಡೆಯೆಂದು ಎಣಿಸಿ, ಕೊಂದವರಿಗೆ ಇನಾಮು ಕೊಡುತ್ತಿದ್ದರು. ಇಂದು ಅದು ಜಗತ್ತಿನ ಅಪಾಯದಂಚಿನ ಪ್ರಾಣಿಗಳಲ್ಲೊಂದು. ಡಿಸ್ಟೆಂಪರ್, ಹುಚ್ಚುರೋಗ — ನಾಯಿಗೆ ಬರುವ ಇವೆರಡೂ ಅದಕ್ಕೂ ಬರುತ್ತವೆ. ಒಟ್ಟಾಗಿ ಉಂಡು, ಒಟ್ಟಾಗಿ ಮಲಗುವ ಕುಟುಂಬವಾದುದರಿಂದ ಒಂದಕ್ಕೆ ಬಂದುದು ಗುಂಪಿಗೇ ಹಬ್ಬಲು ತಡವಾಗದು.

‘ನಮ್ಮ ನಾಯಿಗೆ ಲಸಿಕೆ ಹಾಕಿಸಿದ್ದೇವಲ್ಲ’ ಎಂದು ನನ್ನ ಮೊಮ್ಮಗಳಂತೆ ನೀವೂ ಕೇಳಬಹುದು. ಆಗಲೂ ವಾಸನೆ ಉಳಿಯುತ್ತದೆ. ಆಸ್ಟ್ರೇಲಿಯದ ಸಿಡ್ನಿ ನಗರದ ಸುತ್ತಣ ಕಾಡುಗಳಲ್ಲಿ ಇಬ್ಬರು ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದರು. ಪಟ್ಟಿ ಕಟ್ಟಿ ಹಿಡಿದ ನಾಯಿಯನ್ನು ನಡೆಸಿಕೊಂಡು ಹೋದ ದಾರಿಗಳಲ್ಲಿ ಹಕ್ಕಿಗಳ ಬಗೆಗಳು ಶೇಕಡಾ ೩೫ರಷ್ಟು, ಹಕ್ಕಿಗಳ ಸಂಖ್ಯೆ ಶೇಕಡಾ ೪೧ರಷ್ಟು ಕಡಿಮೆ ಕಂಡವು. ದಿನವೂ ನಾಯಿಗಳು ಓಡಾಡುವ ದಾರಿಗಳಲ್ಲಿಯೂ ಹಾಗೆಯೇ. ಹಕ್ಕಿಗಳು ಅದಕ್ಕೆ ಒಗ್ಗಿಕೊಂಡಿರಲಿಲ್ಲ. ಬೆಲ್ಲ ಯಾರನ್ನೂ ಕಚ್ಚಬೇಕಾಗಿಲ್ಲ, ಬೊಗಳಬೇಕಾಗಿಲ್ಲ. ಸುಮ್ಮನೆ ನಡೆದುಹೋದರೂ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗೆ, ಮರಿಯನ್ನು ಪೊದೆಯಲ್ಲಿ ಬಚ್ಚಿಟ್ಟ ಕಾಡುಕುರಿಗೆ ಅದು ತೋಳದ ವಂಶದವನು. ಗಾರ್ಡು ಹೇಳಿದ ಮಾತಿನ ತಾತ್ಪರ್ಯ ಇಷ್ಟೇ.

ಕೆಲಸವಿದ್ದು ಒಳಗೆ ಹೋಗುವ ನಾಯಿಗಳ ಮಾತು ಬೇರೆ. ಕಳ್ಳಬೇಟೆಗಾರರ ಜಾಡು ಹಿಡಿಯಲು ೨೦೦೮ರಿಂದ ನಮ್ಮ ದೇಶದಲ್ಲಿ ನಾಯಿಗಳನ್ನು ತರಬೇತು ಮಾಡುತ್ತ ಬಂದಿದ್ದಾರೆ. ಬಂಡೀಪುರದಲ್ಲಿ ದುಡಿದ ರಾಣಾ ಎಂಬ ಜರ್ಮನ್ ಷೆಪರ್ಡ್ ನಾಯಿ ಈ ಕೆಲಸದಲ್ಲಿ ನಾಡಿಗೇ ಹೆಸರುವಾಸಿಯಾಯಿತು. ಪೋಲೀಸರಿಗೆ ಪರವಾನಗಿ ಇರುವ ಕಡೆ ನಮಗೂ ಇರಲಿ ಎಂದು ನಾವು ಕೇಳುವುದಿಲ್ಲವಷ್ಟೆ, ಇದೂ ಹಾಗೆಯೇ.

ನಿಯಮ ಬಂದಾಗ ನಷ್ಟ ನಮಗೊಬ್ಬರಿಗೇ ಎಂದು ತೋರುವುದು ಸಹಜ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಜಾಗರ ಕಣಿವೆ ೧೯೭೪ರಲ್ಲಿ ವಿಸ್ತಾರಗೊಂಡು ಭದ್ರಾ ಅಭಯಾರಣ್ಯವಾಯಿತು. ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿತು. ೨೦೦೧–೦೨ರ ಹೊತ್ತಿಗೆ ಒಳಗಿನ ಹಳ್ಳಿಗಳ ನಾನೂರಕ್ಕೂ ಮಿಕ್ಕ ಕುಟುಂಬಗಳು ಮನೆ, ಗದ್ದೆ, ದೇವರ ಕಟ್ಟೆಗಳನ್ನು ಬಿಟ್ಟು ಹೊರಗೆ ನೆಲಸಲು ಬಂದರು. ತಲೆಮಾರುಗಳಿಂದ ಬಾಳಿದ ಊರನ್ನೇ ಕಾಡಿಗೆ ಬಿಟ್ಟುಕೊಟ್ಟವರ ಮುಂದೆ, ಒಂದು ನಾಯಿಯನ್ನು ಎರಡು ಗಂಟೆ ಹೊರಗೆ ಕೂರಿಸಬೇಕೆಂಬ ನಮ್ಮ ಸಂಕಟ ಎಷ್ಟರದು?

ಇಷ್ಟೆಲ್ಲ ಯೋಚಿಸುತ್ತ ಕುಳಿತಿದ್ದಾಗ ಬೆಲ್ಲ ತಟ್ಟನೆ ಎದ್ದು ನಿಂತಿತು. ಗಾಳಿ ಕಾಡಿನ ಕಡೆಯಿಂದಲೇ ಬರುತ್ತಿತ್ತು. ಮೂಗನ್ನು ಎತ್ತಿ, ಕಣ್ಣರೆ ಮುಚ್ಚಿ, ಬಹಳ ಹೊತ್ತು ಅದು ಆ ಗಾಳಿಯನ್ನು ಓದಿತು. ಬೆನ್ನ ಮೇಲಿನ ಕೂದಲು ನಿಧಾನವಾಗಿ ನಿಮಿರಿತು. ಆಮೇಲೆ ಸದ್ದಿಲ್ಲದೆ ಬಂದು ನನ್ನ ಕಾಲುಗಳ ನಡುವೆ ಕುಳಿತುಕೊಂಡಿತು. ಬೀದಿಯಲ್ಲಿ ಹುಟ್ಟಿ, ಹಾಸಿಗೆಯ ಮೇಲೆ ಬೆಳೆದ ನಾಯಿಗೆ ಕಾಡು ಏನೋ ಹೇಳಿತ್ತು, ಅದು ಅರ್ಥಮಾಡಿಕೊಂಡಿತ್ತು. ಬಾಗಿಲಲ್ಲಿ ಕುಳಿತೇ ಅದು ಕಾಡನ್ನು ನೋಡಿಬಂತೆಂದು ನನಗೆ ಅನ್ನಿಸಿತು.

ಜೀಪು ಹಿಂದಿರುಗಿತು. ಕಾಟಿಯ ಹಿಂಡು, ಜಿಂಕೆ, ನವಿಲು ಸಿಕ್ಕಿದ್ದುವು. ಹುಲಿ ದರ್ಶನ ಕೊಡಲಿಲ್ಲ. ಮೊಮ್ಮಗಳ ಮುಖದಲ್ಲಿ ಮುನಿಸು ಇನ್ನೂ ಇತ್ತು. ನಾನು ಏನೂ ಹೇಳಲು ಹೋಗಲಿಲ್ಲ. ಮಕ್ಕಳ ಮುನಿಸಿಗೂ ಹಾಲಿನ ಉಕ್ಕಿಗೂ ಸ್ವಲ್ಪ ಹೊತ್ತು ಬಿಡಬೇಕು.

ನಾಯಿ ಸಾಕಿದ ಗೃಹಸ್ಥರಿಗೆ ಇಲ್ಲಿ ಎರಡು ಮಾತು. ಕಾಡಿಗೆ ಹೋಗುವಾಗ ನಾಯಿಯನ್ನು ನಂಬಿಕೆಯವರ ಮನೆಯಲ್ಲಿ ಬಿಟ್ಟುಹೋಗಿ. ಇಲ್ಲವೆ ಒಬ್ಬರು ಅದರ ಜೊತೆ ಹೊರಗುಳಿಯಿರಿ. ಅದಕ್ಕೆ ಕೆರೆಯ ಏರಿ ಇದೆ, ಊರಾಚೆಯ ಮೈದಾನವಿದೆ. ತಿರುಗಾಟಕ್ಕೆ ಅಷ್ಟು ಸಾಕು. ಕಾಡಂಚಿನಲ್ಲಿ ತೋಟವಿದ್ದವರು ವರ್ಷವರ್ಷವೂ ಲಸಿಕೆ ಹಾಕಿಸಿ, ಸಂಜೆಯ ಹೊತ್ತಿಗೆ ನಾಯಿಯನ್ನು ಒಳಗೆ ಕಟ್ಟಿ. ಬೇಡವಾದ ಮರಿಗಳನ್ನು ಕಾಡಿನ ರಸ್ತೆಯಲ್ಲಿ ಬಿಟ್ಟುಬರುವ ಕ್ರೂರ ಪದ್ಧತಿಯೊಂದಿದೆ. ಅದರಿಂದ ನಾಯಿಗೂ ಕೇಡು, ಕಾಡಿಗೂ ಕೇಡು.

ಆ ರಾತ್ರಿ ನಾವು ತಂಗಿದ್ದುದು ಕಣಿವೆಯ ಕಡೆಗೆ ಮುಖಮಾಡಿದ ಒಂದು ತೋಟದ ಮನೆಯಲ್ಲಿ. ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೆವು. ಕೆಳಗಿನ ಕತ್ತಲೆಯಿಂದ ಒಂದು ಬೊಗಳು ಕೇಳಿಸಿತು. ಒಂದೇ ಸ್ವರ, ಒಂದೇ ಅಂತರ. ಬೆಲ್ಲ ಕಿವಿ ನಿಮಿರಿಸಿತು.

‘ತಾತ, ಪಾಪ, ಯಾರದೋ ನಾಯಿ ಕಾಡಿನಲ್ಲಿ ಸಿಕ್ಕಿಕೊಂಡಿದೆ’ ಎಂದಳು ಮೊಮ್ಮಗಳು.

‘ಅದು ನಾಯಿಯಲ್ಲ ಮಗು. ಕಾಡುಕುರಿ’ ಎಂದೆ. ಆಮೇಲೆ, ಅರವತ್ತು ವರ್ಷ ಯಾರಿಗೂ ಹೇಳದ ಕರಿಯನ ಕಥೆಯನ್ನು ಅವಳಿಗೆ ಹೇಳಿದೆ. ಬೆನ್ನು ತಟ್ಟಿದ್ದನ್ನೂ ಬಿಡದೆ ಹೇಳಿದೆ.

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಕಣಿವೆಯಲ್ಲಿ ಕೂಗು ನಿಂತಿತು. ಅವಳು ಎದ್ದು, ಬೆಲ್ಲನನ್ನು ಒಳಗೆ ಕರೆದುಕೊಂಡು ಹೋಗಿ, ಬಾಗಿಲಿಗೆ ಅಗಣಿ ಹಾಕಿದಳು.